ಪದಕದ ಅಂಚಿನ ನಂಬರು

(ಶಾಲೆಯ ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಮಾಡಿದ ಭಾಷಣದ ಬರಹರೂಪ)



ನಾನು ಈ ಶಾಲೆಯಲ್ಲಿ ಎಂಟರಿಂದ ಹತ್ತರವರೆಗೆ ಓದಿದವನು. ಮಂಡ್ಯದಲ್ಲಿ ಬಿಇ ಮಾಡಿ, ಈಗ ಬೆಂಗಳೂರಿನಲ್ಲಿ ಸಾಫ್ಟ್‌ವೇರ್ ಎಂಜಿನಿಯರ್ ಆಗಿದ್ದೇನೆ. ಸ್ವಾಗತ ಸಮಿತಿಯವರು ಫೋನ್ ಮಾಡಿ "ತಂತ್ರಜ್ಞಾನ ಮತ್ತು ಗ್ರಾಮೀಣ ಯುವಕರು" ಅನ್ನುವ ವಿಷಯದ ಮೇಲೆ ಮಾತಾಡಿ ಅಂದರು. ಒಪ್ಪಿಕೊಂಡೆ. ಎರಡು ರಾತ್ರಿ ಕೂತು ಬರೆದೆ. ಮೂರನೇ ರಾತ್ರಿ ಹರಿದು ಹಾಕಿದೆ. ಯಾಕೆಂದರೆ ಈ ಮೈದಾನದಲ್ಲಿ ನಿಂತು ನಾನು ಮಾತಾಡುವುದಾದರೆ, ಮೊದಲು ತೀರಿಸಬೇಕಾದ ಒಂದು ಹಳೇ ಬಾಕಿ ಇದೆ. ಅದನ್ನು ತೀರಿಸದೆ ತಂತ್ರಜ್ಞಾನದ ಮಾತಾಡಿದರೆ ನನಗೇ ನಾಚಿಕೆ. ಸಮಿತಿಯವರು ಕ್ಷಮಿಸಬೇಕು.

ನಮ್ಮ ಬೀದಿಯಲ್ಲಿ ಒಬ್ಬರು ತಾತ ಇದ್ದರು. ಊರಲ್ಲಿ ಎಲ್ಲರೂ ಅವರನ್ನು 'ನೇವಿ ತಾತ' ಅನ್ನುತ್ತಿದ್ದರು. ಹಿರಿಯರಿಗೆ ಯಾರೆಂದು ಗೊತ್ತಾಯಿತು. ಹೆಸರು ಹೇಳುವುದಿಲ್ಲ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ಆಗಸ್ಟ್ 15ಕ್ಕೆ ಅವರನ್ನು ಶಾಲೆಗೆ ಕರೆದಿದ್ದರು. ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು ಬಂದಿದ್ದರು. ಎದೆಯ ಎಡಗಡೆ ಮೂರು ಪದಕ. ಒಂದು ಐದು ಮೂಲೆಯ ನಕ್ಷತ್ರ, ಎರಡು ದುಂಡನೆಯವು. ಧ್ವಜವಂದನೆ ಆದ ಮೇಲೆ ಮೇಷ್ಟ್ರು ಮೈಕು ಕೊಟ್ಟರು. ತಾತ ಹೇಳಿದ್ದು ಇಷ್ಟೇ: "ನಾನು ಮೈಸೂರು ಅನ್ನೋ ಹಡಗಲ್ಲಿದ್ದೆ. ಬಾಯ್ಲರ್ ಕೆಲಸ. ನೀರು ನೋಡ್ಕೊತಿದ್ದೆ, ಬೆಂಕಿ ನೋಡ್ಕೊತಿದ್ದೆ. ಯುದ್ಧ ಆಯ್ತು. ವಾಪಸ್ ಬಂದೆ. ಎಲ್ರೂ ಚೆನ್ನಾಗಿ ಓದಿ."

ಮೇಷ್ಟ್ರಿಗೆ ಇದು ಸಾಲದೆನ್ನಿಸಿರಬೇಕು. "ಮಕ್ಕಳೇ, ಏನಾದ್ರೂ ಕೇಳಿ" ಅಂದರು. ಕೈ ಎತ್ತಿದವನು ನಾನು.

"ತಾತ, ನೀವು ಎಷ್ಟು ಜನ ಶತ್ರುಗಳನ್ನ ಹೊಡೆದ್ರಿ?"

"ಒಬ್ಬರನ್ನೂ ಇಲ್ಲ ಕಣಪ್ಪ. ನಾನು ಶತ್ರುನ ನೋಡೇ ಇಲ್ಲ."

ಅಲ್ಲಿಗೆ ಕೂರಬೇಕಿತ್ತು. ಹಿಂದಿನ ಸಾಲಿನ ಹುಡುಗರು ಮುಸಿಮುಸಿ ನಗುತ್ತಿದ್ದರು. ಅವರನ್ನು ಇನ್ನಷ್ಟು ನಗಿಸಬೇಕೆನ್ನಿಸಿತು. "ಮತ್ತೆ ಮೆಡಲ್ ಯಾಕೆ ಕೊಟ್ರು?" ಅಂದುಬಿಟ್ಟೆ.

ಇಡೀ ಮೈದಾನ ನಕ್ಕಿತು. ತಾತನೂ ನಕ್ಕರು. "ಅದು ನಂಗೂ ಗೊತ್ತಿಲ್ಲ ಮಗ" ಅಂದು ಹೋಗಿ ಕುರ್ಚಿಯಲ್ಲಿ ಕೂತರು. ಆಮೇಲೆ ಕೊಟ್ಟ ಬೂಂದಿ ಪೊಟ್ಟಣವನ್ನು ಜೇಬಿಗೆ ಹಾಕಿಕೊಂಡು ಮನೆಗೆ ನಡೆದರು. ಮರುದಿನದಿಂದ ಹುಡುಗರ ಬಾಯಲ್ಲಿ ಅವರು 'ಬಾಯ್ಲರ್ ತಾತ' ಆದರು. ನನಗೆ ತಿಳಿದಂತೆ ಆಮೇಲೆ ಅವರು ಯಾವ ಸಮಾರಂಭಕ್ಕೂ ಆ ಪದಕ ಹಾಕಿಕೊಳ್ಳಲಿಲ್ಲ.

ಅಂದು ನಾನು ಕೇಳಿದ ಪ್ರಶ್ನೆಗೆ ಉತ್ತರ ಸಿಗಲು ಸುಮಾರು ಇಪ್ಪತ್ತು ವರ್ಷ ಹಿಡಿಯಿತು. ಆ ಉತ್ತರವನ್ನು ಕೇಳಿದ ಜಾಗದಲ್ಲೇ ಹೇಳಬೇಕು ಅಂತ ಬಂದಿದ್ದೇನೆ.

ಮೊದಲು ಪದಕದ ವಿಷಯ. ಸೈನ್ಯದಲ್ಲಿ ಕೊಡುವ ಪದಕಗಳಲ್ಲಿ ಎರಡು ಬಗೆ ಇವೆ. ಒಂದು, ಶೌರ್ಯಕ್ಕೆ ಕೊಡುವುದು. ಪರಮವೀರ ಚಕ್ರ, ಮಹಾವೀರ ಚಕ್ರ, ವೀರ ಚಕ್ರ. ಇವು ನಮ್ಮ ಪಾಠದ ಪುಸ್ತಕದಲ್ಲಿ ಬರುತ್ತವೆ. ಇನ್ನೊಂದು, ಒಂದು ಯುದ್ಧದಲ್ಲಿ ಅಲ್ಲಿ ಇದ್ದು ಸೇವೆ ಮಾಡಿದ್ದಕ್ಕೆ ಕೊಡುವುದು. 1971ರ ಯುದ್ಧಕ್ಕೆ ಇಂಥ ಮೂರು ಇವೆ. ಪೂರ್ವದ ರಂಗದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದ ರಂಗದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್, ಆ ಯುದ್ಧಕಾಲದ ಸೇವೆಗೆ ಸಂಗ್ರಾಮ ಪದಕ. ತಾತನ ಎದೆಯ ಮೇಲಿದ್ದ ನಕ್ಷತ್ರ ಪಶ್ಚಿಮಿ ಸ್ಟಾರ್. ದುಂಡನೆಯದರಲ್ಲಿ ಒಂದು ಸಂಗ್ರಾಮ ಪದಕ. ಇನ್ನೊಂದು, ಸ್ವಾತಂತ್ರ್ಯ ಬಂದು 25 ವರ್ಷವಾದ 1972ರ ಆಗಸ್ಟ್ 15ರಂದು ಸೇವೆಯಲ್ಲಿದ್ದವರಿಗೆ ಕೊಟ್ಟಿದ್ದು.

ಈ ಎರಡನೇ ಬಗೆಯ ಪದಕದಲ್ಲಿ ಒಂದು ವಿಶೇಷ ಇದೆ. ಅದರಲ್ಲಿ ದೊಡ್ಡದು ಚಿಕ್ಕದು ಇಲ್ಲ. ಹಡಗಿನ ಕ್ಯಾಪ್ಟನ್‌ಗೆ ಕೊಟ್ಟ ಪದಕ ಯಾವುದೋ, ಅಡುಗೆಯವನಿಗೆ, ಬಾಯ್ಲರ್ ನೋಡುವವನಿಗೆ ಕೊಟ್ಟದ್ದೂ ಅದೇ. ಒಂದೇ ಲೋಹ, ಒಂದೇ ಅಚ್ಚು, ಒಂದೇ ಪಟ್ಟಿ. ವ್ಯತ್ಯಾಸ ಇರುವುದು ಅಂಚಿನಲ್ಲಿ. ಅಲ್ಲಿ ಪಡೆದವನ ಸೇವಾ ಸಂಖ್ಯೆ, ದರ್ಜೆ, ಹೆಸರು ಸಣ್ಣಕ್ಷರದಲ್ಲಿ ಕೆತ್ತಿರುತ್ತದೆ. ಈ ಅಂಚಿನ ಮಾತು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಇನ್ನು ಆ ಹಡಗು. ಐಎನ್‌ಎಸ್ ಮೈಸೂರು. ಅದು ಕ್ರೂಸರ್ ಬಗೆಯ ದೊಡ್ಡ ಯುದ್ಧನೌಕೆ. ಇಂಗ್ಲೆಂಡಿನಲ್ಲಿ ಕಟ್ಟಿದ್ದು, 1939ರಲ್ಲಿ ನೀರಿಗಿಳಿದದ್ದು. ನಮ್ಮ ಮಂಡ್ಯ, ಮೈಸೂರಿನಿಂದ ಬೇರೆಯಾಗಿ ಜಿಲ್ಲೆಯಾದದ್ದೂ ಅದೇ 1939ರಲ್ಲಿ. ಎರಡನೇ ಮಹಾಯುದ್ಧದಲ್ಲಿ ಅದರ ಹೆಸರು 'ನೈಜೀರಿಯಾ'. ಭಾರತ ಅದನ್ನು ಕೊಂಡು, 1957ರ ಆಗಸ್ಟ್ 29ರಂದು 'ಮೈಸೂರು' ಎಂಬ ಹೆಸರಿನಲ್ಲಿ ನಮ್ಮ ನೌಕಾಪಡೆಗೆ ಸೇರಿಸಿತು. ಆ ಹಡಗಿನ ಲಾಂಛನದಲ್ಲಿ ಇದ್ದದ್ದು ಗಂಡಭೇರುಂಡ. ಮಕ್ಕಳೇ, ನೀವು ದಿನಾ ಮಳವಳ್ಳಿಗೆ ಹೋಗುವ ಕೆಂಪು ಬಸ್ಸಿನ ಮೇಲೆ ನೋಡುತ್ತೀರಲ್ಲ, ಎರಡು ತಲೆಯ ಹಕ್ಕಿ, ಅದೇ. ಅದರ ಕೆಳಗೆ ಎಂದೂ ಅಂಜದವನು ಅನ್ನುವ ಅರ್ಥದ ಸಂಸ್ಕೃತದ ಮಾತು. 1971ರಲ್ಲಿ ನಮ್ಮ ರಾಜ್ಯದ ಹೆಸರೂ ಇನ್ನೂ ಮೈಸೂರು ರಾಜ್ಯ. ಕರ್ನಾಟಕ ಅಂತ ಆದದ್ದು 1973ರ ನವೆಂಬರ್ 1ಕ್ಕೆ. ಮೈಸೂರು ರಾಜ್ಯದ, ಸಮುದ್ರವೇ ಇಲ್ಲದ ಮಳವಳ್ಳಿ ತಾಲ್ಲೂಕಿನ ಹುಡುಗ, ಮೈಸೂರು ಅನ್ನುವ ಹಡಗಿನ ತಳದಲ್ಲಿ ಇದ್ದ. ಅದಕ್ಕೆ ಮೊದಲು ಅವರು ನೋಡಿದ್ದ ಅತಿ ದೊಡ್ಡ ನೀರು ಅಂದರೆ ಮಳೆಗಾಲದ ಗಗನಚುಕ್ಕಿ.

1971ರ ಡಿಸೆಂಬರ್ 3ರಂದು ಯುದ್ಧ ಶುರುವಾಯಿತು. ಆಗ ಪಶ್ಚಿಮದ ನೌಕಾಪಡೆಯ ನಾಯಕ ಹಡಗು ಐಎನ್‌ಎಸ್ ಮೈಸೂರು. ಪಡೆಯ ಮುಖ್ಯಸ್ಥರಾದ ರಿಯರ್ ಅಡ್ಮಿರಲ್ ಕುರುವಿಲ್ಲ ಇದ್ದದ್ದು ಅದರಲ್ಲೇ. ಹಡಗಿನ ಕ್ಯಾಪ್ಟನ್ ಆರ್.ಕೆ.ಎಸ್. ಗಾಂಧಿ. ಡಿಸೆಂಬರ್ 4ರ ರಾತ್ರಿ ನಿಪಟ್, ನಿರ್ಘಾಟ್, ವೀರ್ ಅನ್ನುವ ಮೂರು ಸಣ್ಣ ಕ್ಷಿಪಣಿ ದೋಣಿಗಳು ಕರಾಚಿಯ ಹತ್ತಿರಕ್ಕೆ ಹೋಗಿ ದಾಳಿ ಮಾಡಿದವು. ಪಾಕಿಸ್ತಾನದ ಖೈಬರ್ ಮತ್ತು ಮುಹಾಫಿಜ್ ಹಡಗುಗಳು ಮುಳುಗಿದವು. ಬಂದರಿನ ಎಣ್ಣೆ ಟ್ಯಾಂಕುಗಳಿಗೆ ಬೆಂಕಿ ಬಿತ್ತು. ನಮ್ಮ ಕಡೆ ಒಂದು ಹಡಗೂ ಹೋಗಲಿಲ್ಲ. ಅದಕ್ಕೇ ಪ್ರತಿವರ್ಷ ಡಿಸೆಂಬರ್ 4 ನೌಕಾಪಡೆಯ ದಿನ. ಇದು ಪುಸ್ತಕದಲ್ಲಿ ಸಿಗುವ ಕತೆ. ತಾತನಿಂದ ನನಗೆ ಸಿಕ್ಕಿದ್ದು ಬೇರೆ ಕತೆ.

ಅದು ಸಿಕ್ಕಿದ್ದು ಆಲೆಮನೆಯಲ್ಲಿ. ಬಿಇ ಮೂರನೇ ಸೆಮಿಸ್ಟರಿನಲ್ಲಿ ನಾನು ಗಣಿತದಲ್ಲಿ ಫೇಲಾಗಿ ಊರಿಗೆ ಬಂದಿದ್ದೆ. ಮನೆಯಲ್ಲಿ ಮುಖ ತೋರಿಸಲು ಆಗದೆ, ದಿನಾ ಸಾಯಂಕಾಲ ಆಲೆಮನೆಗೆ ಹೋಗಿ ಕೂರುತ್ತಿದ್ದೆ. ತಾತ ಅಲ್ಲಿ ಒಲೆಗೆ ರಚ್ಚು ಹಾಕಿ ಉರಿ ನೋಡುವ ಕೆಲಸಕ್ಕೆ ಬರುತ್ತಿದ್ದರು. ನೌಕಾಪಡೆಯಲ್ಲಿ ಹತ್ತು ವರ್ಷದ ಕರಾರು ಮುಗಿದಾಗ ಊರಿನಲ್ಲಿ ಅವರಪ್ಪ ತೀರಿಕೊಂಡಿದ್ದರು, ತಮ್ಮ ತಂಗಿಯರು ಚಿಕ್ಕವರು. ಮುಂದುವರಿಯದೆ ವಾಪಸ್ ಬಂದರು. ಹತ್ತೇ ವರ್ಷವಾದ್ದರಿಂದ ಪಿಂಚಣಿ ಇರಲಿಲ್ಲ. ಹಡಗಿನ ಬೆಂಕಿ ಬಿಟ್ಟು ಬಂದವರು ಬೆಲ್ಲದ ಬೆಂಕಿಗೆ ಬಂದರು.

ನಾನು ಮಾತಿಗೆ ಮಾತು ಅಂತ ಕೇಳಿದೆ. "ತಾತ, ಹಡಗಲ್ಲೂ ಹಿಂಗೇ ಉರಿ ಹಾಕೋದಾ?"

ಅವರು ನಕ್ಕು ವಿವರಿಸಿದರು. ಹಡಗಿನ ಬಾಯ್ಲರಿಗೆ ಹಾಕುವುದು ಕಲ್ಲಿದ್ದಲಲ್ಲ, ಎಣ್ಣೆ. ಎಣ್ಣೆಯನ್ನು ಕಾಯಿಸಿ ಸಣ್ಣ ತೂತುಗಳಿಂದ ಮಂಜಿನ ಹಾಗೆ ಒಳಗೆ ಚಿಮುಕಿಸುತ್ತಾರೆ, ಜೊತೆಗೆ ಗಾಳಿ ನುಗ್ಗಿಸುತ್ತಾರೆ. ಎಣ್ಣೆ ಹೆಚ್ಚಾಗಿ ಗಾಳಿ ಕಡಿಮೆಯಾದರೆ ಚಿಮಣಿಯಿಂದ ಕಪ್ಪು ಹೊಗೆ ಏಳುತ್ತದೆ. ಗಾಳಿ ಹೆಚ್ಚಾದರೆ ಬಿಳಿ ಹೊಗೆ. ಸಮುದ್ರದಲ್ಲಿ ಹೊಗೆ ಎಷ್ಟೋ ಮೈಲಿ ದೂರಕ್ಕೆ ಕಾಣುತ್ತದೆ. ಹೊಗೆ ಬಿಟ್ಟ ಹಡಗು, ನಾನಿಲ್ಲಿದ್ದೀನಿ ಬಾ ಅಂತ ಶತ್ರುವನ್ನು ಕರೆದ ಹಾಗೆ. ಇನ್ನು ನೀರು. ಬಾಯ್ಲರಿನ ಪಕ್ಕದಲ್ಲಿ ಒಂದು ಗಾಜಿನ ಕೊಳವೆ ಇರುತ್ತದೆ, ಒಳಗೆ ನೀರು ಎಷ್ಟಿದೆ ಅಂತ ತೋರಿಸಲು. ನೀರು ಕಡಿಮೆಯಾದರೆ ಒಳಗಿನ ಕೊಳವೆಗಳು ಕಾದು ಸುಟ್ಟು ಒಡೆಯುತ್ತವೆ. ಹೆಚ್ಚಾದರೆ ಹಬೆಯ ಜೊತೆ ನೀರೂ ಹೋಗಿ ಟರ್ಬೈನಿನ ಅಲಗು ಮುರಿಯುತ್ತದೆ. ಎರಡರಲ್ಲಿ ಯಾವುದಾದರೂ ಹಡಗು ನಿಂತುಹೋಗುತ್ತದೆ. ಯುದ್ಧದಲ್ಲಿ ನಿಂತ ಹಡಗಿನ ಗತಿ ಏನು ಅಂತ ಹೇಳಬೇಕಾಗಿಲ್ಲ. ಮೇಲಿನಿಂದ ವೇಗ ಹೆಚ್ಚಿಸು, ಕಡಿಮೆ ಮಾಡು ಅಂತ ಹುಕುಂ ಬರುತ್ತಲೇ ಇರುತ್ತದೆ. ಪ್ರತಿ ಹುಕುಮಿಗೂ ಎಣ್ಣೆ, ಗಾಳಿ, ನೀರು ಮೂರನ್ನೂ ಸರಿತೂಗಿಸಬೇಕು. ಲೋನಾವಳಾದ ಐಎನ್‌ಎಸ್ ಶಿವಾಜಿಯಲ್ಲಿ ಅವರು ಕಲಿತದ್ದು ಇದನ್ನೇ.

"ಮೊದ್ಲು ನೀರು ನೋಡು, ಆಮೇಲೆ ಬೆಂಕಿ ನೋಡು. ಆ ಹದಿನಾಲ್ಕು ದಿನ ನಾನು ನೋಡಿದ್ದು ಆ ಗಾಜಿನ ಕೊಳವೆಯೊಂದನ್ನೇ. ಶತ್ರುನ ಎಲ್ಲಿಂದ ನೋಡ್ಲಿ?" ಅಂದರು.

ನಾಲ್ಕು ಗಂಟೆಯ ವಾಚು. ತಲೆ ಸುತ್ತುವ ಸೆಕೆ. ಮೇಲೆ ಹಗಲೋ ರಾತ್ರಿಯೋ ಗೊತ್ತಾಗುವುದಿಲ್ಲ. ಒಂದು ಸದ್ದಾದರೆ ಅದು ನಮ್ಮ ತೋಪಿನದೋ, ಬಂದು ಬಡಿದದ್ದೋ ಗೊತ್ತಾಗುವುದಿಲ್ಲ. ಮೇಲಕ್ಕೆ ಬರಲು ಇರುವುದು ಕಡಿದಾದ ಕಬ್ಬಿಣದ ಏಣಿ. ಯುದ್ಧದ ಹೊತ್ತಿನಲ್ಲಿ ಅದರ ಮೇಲಿನ ಮುಚ್ಚಳವೂ ಭದ್ರವಾಗಿ ಹಾಕಿರುತ್ತದೆ, ಒಂದು ಕಡೆ ನೀರು ನುಗ್ಗಿದರೆ ಉಳಿದ ಹಡಗು ಉಳಿಯಲಿ ಅಂತ.

ಆ ದಿನ ಅವರು ಇನ್ನೊಂದು ವಿಷಯ ಹೇಳಿದರು. ಲೋನಾವಳಾದಲ್ಲಿ ಅವರ ಜೊತೆಗೇ ಕಲಿತ, ಪಕ್ಕದ ಮಂಚದಲ್ಲಿ ಮಲಗುತ್ತಿದ್ದ ಗೆಳೆಯನೊಬ್ಬ ಇದ್ದ. ಅವನೂ ಬಾಯ್ಲರಿನವನೇ. ಅವನ ಹಡಗು ಐಎನ್‌ಎಸ್ ಖುಕ್ರಿ.

ಹಿರಿಯರಿಗೆ ಆ ಹೆಸರು ನೆನಪಿರುತ್ತದೆ. ಡಿಸೆಂಬರ್ 9ರ ರಾತ್ರಿ ದಿಯುವಿನ ಹತ್ತಿರದ ಸಮುದ್ರದಲ್ಲಿ ಪಾಕಿಸ್ತಾನದ ಹಂಗೋರ್ ಅನ್ನುವ ಜಲಾಂತರ್ಗಾಮಿ ಬಿಟ್ಟ ಟಾರ್ಪೆಡೊ ಖುಕ್ರಿಗೆ ಬಡಿಯಿತು. ಕೆಲವೇ ನಿಮಿಷದಲ್ಲಿ ಹಡಗು ಮುಳುಗಿತು. 18 ಅಧಿಕಾರಿಗಳು, 176 ನಾವಿಕರು, ಒಟ್ಟು 194 ಜನ ಹೋದರು. ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಹಡಗು ಬಿಡದೆ ಅದರೊಂದಿಗೇ ಮುಳುಗಿದರು. ಅವರಿಗೆ ಮರಣೋತ್ತರವಾಗಿ ಮಹಾವೀರ ಚಕ್ರ ಬಂತು. ಇವತ್ತು ದಿಯುವಿನಲ್ಲಿ ಸಮುದ್ರದ ಎದುರಿಗೆ ಖುಕ್ರಿಯ ಸ್ಮಾರಕ ಇದೆ, ಗಾಜಿನ ಮನೆಯೊಳಗೆ ಆ ಹಡಗಿನ ಮಾದರಿ ಇಟ್ಟಿದ್ದಾರೆ.

"ಮೇಲಿದ್ದೋರು ಒಂದಷ್ಟು ಜನ ನೀರಿಗೆ ಹಾರಿ ಉಳ್ಕೊಂಡ್ರು. ಕೆಳಗಿದ್ದೋರಿಗೆ ಏಣಿ ಹತ್ತೋಕೆ ಟೈಮು ಬೇಕಲ್ಲಪ್ಪ" ಅಂದರು ತಾತ. ರಚ್ಚು ಹಾಕಿದರು. ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಸುದ್ದಿ ಗೊತ್ತಾದ್ಮೇಲೆ ನನ್ ವಾಚ್ ಬಂತು. ಏಣಿ ಮೇಲೆ ಕಾಲಿಟ್ಟೆ. ಕಾಲು ಇಳೀಲೇ ಇಲ್ಲ. ಹಿಂದೆ ಇದ್ದೋನು 'ಏನಾಯ್ತು' ಅಂದ. ಏನೂ ಇಲ್ಲ ಅಂದೆ. ಇಳಿದೆ."

ಮಕ್ಕಳೇ, ಮೆಡಲ್ ಯಾಕೆ ಕೊಟ್ಟರು ಅನ್ನುವ ಪ್ರಶ್ನೆಗೆ ಉತ್ತರ ಇದೇ. ಇಳಿದದ್ದಕ್ಕೆ. ಗೆಳೆಯ ಎಂಥ ಜಾಗದಿಂದ ಮೇಲೆ ಬರಲಾಗಲಿಲ್ಲವೋ, ಅಂಥದ್ದೇ ಜಾಗಕ್ಕೆ ಗೊತ್ತಿದ್ದೂ ಇಳಿದು, ನಾಲ್ಕು ಗಂಟೆ ನೀರು ನೋಡಿ, ಬೆಂಕಿ ನೋಡಿ, ಮೇಲೆ ಬಂದು, ಮತ್ತೆ ಇಳಿದದ್ದಕ್ಕೆ.

ಅಂದು ಆಲೆಮನೆಯಲ್ಲೇ ನಾನು ಕ್ಷಮೆ ಕೇಳಬಹುದಿತ್ತು. ಎಂಟನೇ ಕ್ಲಾಸಿನ ಮಾತು ಅವರಿಗೆ ನೆನಪಿರುತ್ತದೋ ಇಲ್ಲವೋ, ನಾನೇ ಯಾಕೆ ಕೆದಕಲಿ ಅಂತ ಸುಮ್ಮನಾದೆ. ಮುಂದಿನ ಸಲ ಹೇಳೋಣ ಅಂದುಕೊಂಡೆ. ಗಣಿತ ಪಾಸಾದೆ, ಬಿಇ ಮುಗಿಸಿದೆ, ಕೆಲಸ ಸಿಕ್ಕಿತು. ಮುಂದಿನ ಸಲ ಮುಂದಕ್ಕೇ ಹೋಗುತ್ತಿತ್ತು.

ನನ್ನ ಕೆಲಸದ ಬಗ್ಗೆ ಎರಡೇ ಮಾತು. ಸಾಫ್ಟ್‌ವೇರ್ ಅಂದರೆ ಎಸಿ ರೂಮಿನಲ್ಲಿ ಕೂತು ಕಂಪ್ಯೂಟರ್ ಒತ್ತುವುದು ಅಂತ ಊರಲ್ಲಿ ಅಂದುಕೊಂಡಿದ್ದಾರೆ. ನಿಜವೇ. ಆದರೆ ನನ್ನ ತಂಡದ್ದು, ಸರ್ವರುಗಳು ನಿಲ್ಲದ ಹಾಗೆ ರಾತ್ರಿ ಪಾಳಿಯಲ್ಲಿ ನೋಡಿಕೊಳ್ಳುವ ಕೆಲಸ. ಹಬ್ಬದ ರಾತ್ರಿ ಜನ ಫೋನಿನಿಂದ ದುಡ್ಡು ಕಳಿಸುತ್ತಿದ್ದರೆ, ನಾವು ಪರದೆಯ ಮೇಲಿನ ಗೆರೆಗಳನ್ನು ನೋಡುತ್ತ ಕೂತಿರುತ್ತೇವೆ. ಸರಿಯಾಗಿ ನಡೆದರೆ ನಾವಿದ್ದೇವೆ ಅಂತ ಯಾರಿಗೂ ಗೊತ್ತಾಗುವುದಿಲ್ಲ. ಕೆಟ್ಟರೆ ಎಲ್ಲರಿಗೂ ಗೊತ್ತಾಗುತ್ತದೆ. ಒಂದು ರಾತ್ರಿ ಎರಡು ಗಂಟೆಗೆ ಆ ಗೆರೆಗಳನ್ನು ನೋಡುತ್ತಿದ್ದಾಗ ತಾತನ ಗಾಜಿನ ಕೊಳವೆ ನೆನಪಾಯಿತು. ಹೋಲಿಕೆ ಅಷ್ಟಕ್ಕೇ ನಿಲ್ಲುತ್ತದೆ. ನನ್ನ ಕೊಠಡಿಗೆ ಟಾರ್ಪೆಡೊ ಬರುವುದಿಲ್ಲ.

ಆಮೇಲೆ ಒಮ್ಮೆ ಆಫೀಸಿನವರ ಜೊತೆ ಕಾರವಾರಕ್ಕೆ ಹೋಗಿದ್ದೆ. ಅಲ್ಲಿನ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ ಐಎನ್‌ಎಸ್ ಚಾಪೆಲ್ ಅನ್ನುವ ನಿವೃತ್ತ ಯುದ್ಧನೌಕೆಯನ್ನು ವಸ್ತುಸಂಗ್ರಹಾಲಯ ಮಾಡಿ ಇಟ್ಟಿದ್ದಾರೆ. ಕರಾಚಿಗೆ ಹೋದ ದೋಣಿಗಳ ಜಾತಿಯದೇ, ಆದರೆ 1976ರಲ್ಲಿ ಸೇವೆಗೆ ಬಂದದ್ದು. ಶಾಲೆಯ ಪ್ರವಾಸ ಹೋದರೆ ತಪ್ಪದೆ ನೋಡಿ. ಜನರೆಲ್ಲ ಮೇಲಿನ ಕ್ಷಿಪಣಿಯ ಗೂಡುಗಳ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ನಾನು ತಲೆ ಬಗ್ಗಿಸಿಕೊಂಡು ಒಳಗೆ ಹೋದೆ. ಅದು ಡೀಸೆಲ್ ಹಡಗು, ತಾತನದು ಹಬೆಯ ಹಡಗು, ಆದರೂ ಕಬ್ಬಿಣದ ಆ ಇಕ್ಕಟ್ಟು, ಆ ಕಿರಿದಾದ ದಾರಿ, ಹೊರಗಿನ ಬೆಳಕು ಒಂದಿಷ್ಟೂ ಬಾರದ ಮೂಲೆಗಳು! ಎಂಜಿನ್ ನಿಂತು ವರ್ಷಗಳೇ ಆಗಿದ್ದರೂ ಐದು ನಿಮಿಷದಲ್ಲಿ ನನಗೆ ಉಸಿರು ಕಟ್ಟಿತು. ಹೊರಗೆ ಬಂದು ಮರಳಲ್ಲಿ ಕೂತು, ಈ ಸಲ ಊರಿಗೆ ಹೋದಾಗ ಖಂಡಿತ ಹೇಳುತ್ತೇನೆ ಅಂದುಕೊಂಡೆ.

ಹೇಳುವುದಕ್ಕೆ ಆಗಲಿಲ್ಲ. ಎರಡು ತಿಂಗಳಲ್ಲಿ ತಾತ ತೀರಿಕೊಂಡರು ಅಂತ ಅವ್ವ ಫೋನ್ ಮಾಡಿದಳು. ನಾನು ಬಂದದ್ದು ಹನ್ನೊಂದನೇ ದಿನದ ಕಾರ್ಯಕ್ಕೆ.

ಅವರಿಗೆ ಗಂಡುಮಕ್ಕಳಿರಲಿಲ್ಲ. ಒಬ್ಬಳು ಮಗಳು, ತಿ. ನರಸೀಪುರದ ಕಡೆ ಕೊಟ್ಟಿದ್ದಾರೆ, ಅವರೂ ಕೂಲಿಯವರೇ. ಅಜ್ಜಿ ಒಬ್ಬರೇ ಉಳಿದರು. ಮಳೆ ಬಂದರೆ ಮೂರು ಕಡೆ ಸೋರುವ ಮನೆ. ಆಗ ನಾನು ಮೊದಲ ಬಾರಿಗೆ ಮೊಬೈಲಿನಲ್ಲಿ ಹುಡುಕಿದೆ, ಪಿಂಚಣಿ ಇಲ್ಲದ ಮಾಜಿ ಸೈನಿಕರಿಗೆ ಏನಾದರೂ ಇದೆಯಾ ಅಂತ. ಇತ್ತು. ಪಿಂಚಣಿ ಬಾರದ, 65 ವರ್ಷ ದಾಟಿದ, ಹವಾಲ್ದಾರ್ ದರ್ಜೆ ಮತ್ತು ಅದಕ್ಕೆ ಸಮನಾದ ದರ್ಜೆಯವರೆಗಿನ ಮಾಜಿ ಸೈನಿಕರಿಗೆ, ಅವರಿಲ್ಲದಿದ್ದರೆ ಅವರ ವಿಧವೆಯರಿಗೆ, ಕೇಂದ್ರೀಯ ಸೈನಿಕ ಮಂಡಳಿ ಸಹಾಯಧನ ಕೊಡುತ್ತದೆ. ಆಗ ತಿಂಗಳಿಗೆ 4,000 ರೂಪಾಯಿಯ ಲೆಕ್ಕ. 2025ರ ನವೆಂಬರಿನಿಂದ 8,000 ಮಾಡಿದ್ದಾರೆ.

ಅಂದರೆ ಗಮನಿಸಿ. ತಾತ 65 ದಾಟಿ ಎಷ್ಟೋ ವರ್ಷ ಬದುಕಿದ್ದರು. ಆ ವರ್ಷಗಳಲ್ಲೆಲ್ಲ ಅವರೇ ಅರ್ಜಿ ಹಾಕಬಹುದಿತ್ತು. ಆ ವಯಸ್ಸಿನಲ್ಲೂ ಒಲೆಗೆ ರಚ್ಚು ಹಾಕುತ್ತಿದ್ದರು. ಅವರಿಗೆ ಗೊತ್ತಿರಲಿಲ್ಲ. ನನ್ನ ಜೇಬಿನಲ್ಲಿ ಜಗತ್ತೆಲ್ಲ ಹುಡುಕುವ ಫೋನ್ ಇತ್ತು. ನಾನು ಹುಡುಕಲಿಲ್ಲ. ಮೈದಾನದಲ್ಲಿ ನಕ್ಕದ್ದಕ್ಕಿಂತ ಇದು ದೊಡ್ಡ ತಪ್ಪು ಅಂತ ನನಗೆ ಅನ್ನಿಸುತ್ತದೆ.

ಅಜ್ಜಿಗಾದರೂ ಕೊಡಿಸೋಣ ಅಂತ ಹೊರಟೆ. ಬಿಡುಗಡೆಯ ಪುಸ್ತಕ ಬೇಕು ಅಂದರು. ಟ್ರಂಕು ತೆಗೆದರೆ ಒಳಗೆ ಗೆದ್ದಲು. ಪುಸ್ತಕ ಹೋಗಿ ಮಣ್ಣು ಉಳಿದಿತ್ತು. ಅಜ್ಜಿಗೆ ಸೇವಾ ಸಂಖ್ಯೆ ಗೊತ್ತಿಲ್ಲ. "ಮೆಡಲ್ ಏನಾಯ್ತಜ್ಜಿ?" ಅಂತ ಕೇಳಿದೆ. ನಕ್ಷತ್ರ ಮತ್ತು ಇನ್ನೊಂದು ದುಂಡನೆಯದು ಯಾವಾಗಲೋ ಹಳೇ ಪಾತ್ರೆಗಳ ಜೊತೆ ಗುಜರಿಗೆ ಹೋಗಿದ್ದವು. "ಬಿಸಾಕು, ಯಾರು ಕೇಳ್ತಾರೆ ಅಂತ ಅವ್ರೇ ಕೊಟ್ರು ಕಣಪ್ಪ" ಅಂದರು. ನನಗೆ ಮಾತೇ ಹೊರಡಲಿಲ್ಲ.

ಆಮೇಲೆ ಅಜ್ಜಿ ಒಳಗೆ ಹೋಗಿ ಒಂದು ತಗಡಿನ ಡಬ್ಬಿ ತಂದರು. ಅದರಲ್ಲಿ ಅವರು ತೆಗೆದಿಟ್ಟ ತಾಳಿ, ಅದರ ಜೊತೆಗೆ ಉಳಿದ ಒಂದು ಪದಕ. "ಇದನ್ನ ಮಾತ್ರ ನಾನು ಕೊಡ್ನಿಲ್ಲ" ಅಂದರು.

ಮೊಬೈಲ್ ಟಾರ್ಚ್ ಹಾಕಿ ಅಂಚು ನೋಡಿದೆ. ಮಸಿ ಹಿಡಿದಿತ್ತು. ಹುಣಸೆಹಣ್ಣು ಹಾಕಿ ತಿಕ್ಕೋಣವಾ ಅಂದರು ಅಜ್ಜಿ, ಬೇಡ ಅಂತ ಒದ್ದೆ ಬಟ್ಟೆಯಲ್ಲಿ ಒರೆಸಿದೆ. ಒಂದೊಂದೇ ಅಂಕಿ ಮೇಲೆ ಬಂತು. ನಂಬರು, ದರ್ಜೆ, ಹೆಸರು. ನಮ್ಮ ಕಂಪ್ಯೂಟರ್ ಕೆಲಸದಲ್ಲಿ ಲಕ್ಷಾಂತರ ದಾಖಲೆಗಳ ನಡುವೆ ಒಬ್ಬ ಮನುಷ್ಯನನ್ನು ಹುಡುಕಲು ಒಂದೇ ಒಂದು ತಪ್ಪದ ಗುರುತು ಬೇಕು. ಹೆಸರು ಸಾಲದು, ಒಂದೇ ಹೆಸರಿನವರು ಸಾವಿರ ಜನ ಇರುತ್ತಾರೆ. ಆ ಗುರುತು ಇಷ್ಟು ವರ್ಷ ತಗಡಿನ ಡಬ್ಬಿಯಲ್ಲಿ ಕೂತಿತ್ತು.

ಸೈನಿಕ ಕಲ್ಯಾಣ ಮತ್ತು ಪುನರ್ವಸತಿ ಇಲಾಖೆಯ ಕಚೇರಿಗೆ ಹೋದೆವು. ಅಲ್ಲಿ ಹೇಳಿಕೊಟ್ಟ ಹಾಗೆ ಮುಂಬೈಯ ಮಾನ್‌ಖುರ್ದ್‌ನಲ್ಲಿರುವ ನಾವಿಕರ ದಾಖಲೆಗಳ ಕಚೇರಿಗೆ ನಂಬರು ಹಾಕಿ ಬರೆದೆವು. ತಿಂಗಳುಗಳು ಹಿಡಿಯಿತು, ಪತ್ರ ಎರಡು ಸಲ ಹೋಗಿ ಬಂತು, ಅಫಿಡವಿಟ್ ಆಯಿತು. ಕೊನೆಗೆ ಸೇವಾ ವಿವರದ ಪ್ರತಿ ಬಂತು. ಸೇರಿದ ದಿನ, ಬಿಟ್ಟ ದಿನ, ಕೆಲಸ ಮಾಡಿದ ಹಡಗುಗಳು, ಪಡೆದ ಪದಕಗಳು. ಗುಜರಿಗೆ ಹೋದವೂ ಆ ಪಟ್ಟಿಯಲ್ಲಿ ಇದ್ದವು. ಕೆಳಗೆ ಹೆಂಡತಿಯ ಹೆಸರು. ಮದುವೆಯಾಗಿ ರಜೆ ಮುಗಿಸಿ ಹಡಗಿಗೆ ಹೋದವರು 1973ರಲ್ಲಿ ಬರೆಸಿದ್ದರು.

ನಾನು ಓದಿ ಹೇಳಿದೆ. ಅಜ್ಜಿ ಮೂರು ಸಲ ಕೇಳಿದರು. "ನನ್ ಹೆಸ್ರು ಬೊಂಬಾಯಲ್ಲಿ ಐತಾ? ಆವತ್ತಿಂದ್ಲೂ ಐತಾ?" ಐತೆ ಅಜ್ಜಿ ಅಂದೆ. ಹನ್ನೊಂದನೇ ದಿನ ಅಳದಿದ್ದ ಅಜ್ಜಿ ಆವತ್ತು ಅತ್ತರು.

ಸಹಾಯಧನ ಮಂಜೂರಾಯಿತು. ಮೊದಲ ಕಂತಿನಲ್ಲಿ ಮನೆಯ ಸೂರು ರಿಪೇರಿಯಾಯಿತು. ಹೆಸರು ಹಾಕಬೇಡ ಅಂದದ್ದು ಅಜ್ಜಿಯೇ. "ದುಡ್ಡು ತಕ್ಕೊಂಡೋರು ಅಂತ ಪುಸ್ತಕ್ದಲ್ಲಿ ಅಚ್ಚಾಗೋದು ಬ್ಯಾಡ ಕಣಪ್ಪ, ಅವ್ರು ಯಾರ ಹತ್ರಾನೂ ಕೈ ಚಾಚ್ದೋರಲ್ಲ" ಅಂದರು. ಇದು ಕೈ ಚಾಚುವುದಲ್ಲ, ಹಕ್ಕು ಅಂತ ಎಷ್ಟು ಹೇಳಿದರೂ ಒಪ್ಪಲಿಲ್ಲ. ಹಾಗಾಗಿ ಹೆಸರು ಪದಕದ ಅಂಚಿನಲ್ಲೇ ಇರಲಿ.

ಮಾತು ಮುಗಿಸುವ ಮುಂಚೆ ಮೂರು ವಿನಂತಿ.

ಒಂದು, ಇಲ್ಲಿ ಕೂತಿರುವ ಮಾಜಿ ಸೈನಿಕರಿಗೆ ಮತ್ತು ಅವರ ಮನೆಯವರಿಗೆ. ಬಿಡುಗಡೆಯ ಪುಸ್ತಕವನ್ನು ಇವತ್ತೇ ಎರಡು ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಫೋಟೋ ತೆಗೆದು ಮಕ್ಕಳಿಗೆ ಕಳಿಸಿ. ಹೆಂಡತಿಯ ಹೆಸರು ದಾಖಲೆಯಲ್ಲಿ ಹೇಗಿದೆಯೋ ಆಧಾರಿನಲ್ಲೂ ಹಾಗೇ ಇದೆಯಾ ನೋಡಿ. ಗೆದ್ದಲಿಗೆ ಸೈನಿಕ, ನಾವಿಕ ಅನ್ನುವ ಭೇದ ಇಲ್ಲ.

ಎರಡು, ಶಾಲೆಗೆ ಮತ್ತು ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ. ಸುವರ್ಣ ಮಹೋತ್ಸವದ ನೆನಪಿಗೆ ಒಂದು ರಿಜಿಸ್ಟರ್ ಇಡೋಣ. ಈ ಭಾಗದಿಂದ ಸೈನ್ಯ, ನೌಕಾಪಡೆ, ವಾಯುಪಡೆ, ಪೊಲೀಸಿಗೆ ಹೋದವರ ಹೆಸರು, ನಂಬರು, ಮಾಡಿದ ಕೆಲಸ. ಲೈನ್‌ಮನ್, ನೀರಗಂಟಿ, ಆಂಬುಲೆನ್ಸ್ ಡ್ರೈವರ್ ಕೂಡ ಅದರಲ್ಲಿ ಇರಲಿ. ನಮ್ಮ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲೇ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಹೋಯಿತು ಅಂತ ಹೆಮ್ಮೆಯಿಂದ ಹೇಳುತ್ತೇವೆ. ಆ ಕೊಳವೆ ಹೊತ್ತವರು, ಯಂತ್ರ ಕಾದವರು ಯಾರು ಅಂತ ನಮ್ಮಲ್ಲಿ ಎಷ್ಟು ಮನೆಗೆ ಗೊತ್ತು? ರಿಜಿಸ್ಟರನ್ನು ಕಂಪ್ಯೂಟರಿಗೆ ಏರಿಸುವ ಕೆಲಸ ನನ್ನದು. ತಂತ್ರಜ್ಞಾನದ ಬಗ್ಗೆ ಮಾತಾಡಲು ಕರೆದಿದ್ದಿರಲ್ಲ, ಇಷ್ಟು ತಂತ್ರಜ್ಞಾನ ನನ್ನಿಂದ ಆಗುತ್ತದೆ.

ಮೂರು, ಮಕ್ಕಳಿಗೆ. ಹಿರಿಯರನ್ನು ಪ್ರಶ್ನೆ ಕೇಳಿ, ಕೇಳುವುದನ್ನು ಬಿಡಬೇಡಿ. ಆದರೆ "ಎಷ್ಟು ಜನರನ್ನು ಹೊಡೆದ್ರಿ" ಅಂತ ನನ್ನ ಹಾಗೆ ಕೇಳಬೇಡಿ. "ನಿಮ್ಮ ಕೆಲಸ ಏನಿತ್ತು, ಅದನ್ನ ಹೆಂಗೆ ಮಾಡ್ತಿದ್ರಿ" ಅಂತ ಕೇಳಿ. ಉತ್ತರ ಮುಗಿಯುವ ತನಕ ಪಕ್ಕದಲ್ಲಿ ಕೂರಿ.

ತಾತ, ಅವತ್ತು ಈ ಮೈದಾನದಲ್ಲಿ ನಾನು ಕೇಳಿದ್ದು ತಪ್ಪಾಯಿತು. ಇಷ್ಟು ಜನರ ಮುಂದೆ ನಗಿಸಿದೆ, ಇಷ್ಟು ಜನರ ಮುಂದೆಯೇ ಹೇಳುತ್ತಿದ್ದೇನೆ.

ಪದಕ ನನ್ನ ಜೇಬಿನಲ್ಲಿದೆ. ಅಜ್ಜಿ ಒಂದು ದಿನದ ಮಟ್ಟಿಗೆ ಕೊಟ್ಟಿದ್ದಾರೆ. "ಮಕ್ಕಳಿಗೆ ತೋರ್ಸು, ದೀಪ ಹಚ್ಚೋ ಹೊತ್ಗೆ ತಂದ್ಕೊಡು" ಅಂದಿದ್ದಾರೆ. ಸಭೆ ಮುಗಿದ ಮೇಲೆ ಸಾಲಾಗಿ ಬನ್ನಿ, ಒಬ್ಬೊಬ್ಬರೇ ಕೈಯಲ್ಲಿ ಹಿಡಿದು ನೋಡಿ. ಮುಂದೆ, ಹಿಂದೆ ನೋಡಿದ ಮೇಲೆ ಅಂಚನ್ನೂ ತಿರುಗಿಸಿ ಓದಿ.